ವೈರು ಮುಗಿದಲ್ಲಿಂದ ಮುಂದೆ

ನಮ್ಮೂರಲ್ಲಿ ಟಾರ್ಚ್ ಎಂಬ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅದು ‘ಬ್ಯಾಟ್ರಿ’. ಅದರೊಳಗೆ ಹಾಕುವುದು ‘ಸೆಲ್ಲು’. ‘ಕತ್ತಲಾಯ್ತು, ಬ್ಯಾಟ್ರಿ ತಗೊಂಡು ಹೋಗು’ ಅಂದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ತಾತನ ಬ್ಯಾಟ್ರಿ ಮೂರು ಸೆಲ್ಲಿನದು. ತಗಡಿನ ಮೈ, ಒಂದು ಗೇಣಿಗಿಂತ ಉದ್ದ. ತೋಟಕ್ಕೆ ತ್ರೀ ಫೇಸ್ ಕರೆಂಟ್ ಕೊಡುತ್ತಿದ್ದದ್ದು ರಾತ್ರಿ ಹೊತ್ತು. ಎರಡು ಗಂಟೆಗೆ ಎದ್ದು, ಬ್ಯಾಟ್ರಿ ಹಿಡಿದು, ಪಂಪ್‌ಸೆಟ್ ಹಾಕಲು ತಾತ ಹೊರಡುತ್ತಿದ್ದರು. ಹಾವು, ಚೇಳು ಓಡಾಡುವ ಬದುವಿನ ಮೇಲೆ ಆ ಹಳದಿ ಬೆಳಕೇ ಅವರಿಗೆ ಕಣ್ಣು.

ಸ್ವಲ್ಪ ಯೋಚಿಸಿ. ಬೋರ್‌ವೆಲ್ ಮೋಟಾರು ಓಡಿಸುವಷ್ಟು ಕರೆಂಟು ತೋಟದ ಕಂಬದಲ್ಲಿತ್ತು. ಮನೆಯ ಬಲ್ಬಿಗೂ ಕರೆಂಟಿತ್ತು. ಆದರೆ ಮನೆಯಿಂದ ತೋಟದವರೆಗೆ ನಡೆಯುವ ಮನುಷ್ಯನಿಗೆ ಅವೆರಡರಿಂದಲೂ ಉಪಯೋಗವಿರಲಿಲ್ಲ. ವೈರು ಮುಗಿದ ಕಡೆ ಕರೆಂಟೂ ಮುಗಿಯುತ್ತದೆ. ಅಲ್ಲಿಂದ ಮುಂದಿನ ದಾರಿ ಬ್ಯಾಟರಿಯದು. ನಮ್ಮ ದಿನನಿತ್ಯದ ಬದುಕನ್ನು ಬ್ಯಾಟರಿ ಹೇಗೆ ಬದಲಿಸಿತು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ತಾತ ನಡೆದ ಆ ದಾರಿ.

ಸೆಲ್ಲು ಮಂಕಾದರೆ ತಾತ ಎಸೆಯುತ್ತಿರಲಿಲ್ಲ. ಅಂಗಳದಲ್ಲಿ ಬಿಸಿಲಿಗೆ ಇಡುತ್ತಿದ್ದರು. ಸಂಜೆ ಹಾಕಿದರೆ ಇನ್ನೊಂದಿಷ್ಟು ಹೊತ್ತು ಉರಿಯುತ್ತಿತ್ತು. ಪೂರ್ತಿ ಸತ್ತ ಸೆಲ್ಲು ನಮ್ಮ ಪಾಲಿಗೆ. ಕಲ್ಲಿನಿಂದ ಜಜ್ಜಿದರೆ ನಡುವೆ ಒಂದು ಕಪ್ಪು ಕಡ್ಡಿ, ಸುತ್ತ ಒದ್ದೆ ಕರಿ ಪುಡಿ, ಹೊರಗೆ ಬೂದು ಬಣ್ಣದ ತಗಡು. ಆ ಕರಿ ಪುಡಿಯನ್ನು ಸ್ಕೂಲಿಗೆ ಒಯ್ದು, ಸೊಪ್ಪಿನ ಜೊತೆ ಅರೆದು, ಬೋರ್ಡಿಗೆ ಬಳಿಯುತ್ತಿದ್ದೆವು. ಮಕ್ಕಳ ಕೈಗೆ ಕೊಡುವ ವಸ್ತುವಲ್ಲ ಅದು, ಈಗ ಯಾರೂ ಹಾಗೆ ಮಾಡಬಾರದು. ಆದರೆ ಬ್ಯಾಟರಿಯ ಇಡೀ ಗುಟ್ಟು ಆ ಮೂರು ವಸ್ತುಗಳಲ್ಲಿತ್ತು.

ಹೊರಗಿನ ತಗಡು ಸತುವಿನದು, ಅಂದರೆ ಜಿಂಕ್. ಕರಿ ಪುಡಿ ಮ್ಯಾಂಗನೀಸ್ ಡೈಆಕ್ಸೈಡ್, ಜೊತೆಗೆ ಇಂಗಾಲದ ಪುಡಿ. ನಡುವಿನ ಕಡ್ಡಿಯೂ ಇಂಗಾಲ. ಒದ್ದೆಗೆ ಕಾರಣ ನವಸಾಗರ, ಪಾತ್ರೆಗೆ ಕಲಾಯಿ ಹಾಕುವವರು ಬಳಸುತ್ತಿದ್ದರಲ್ಲ, ಅದೇ. ಸತುವಿಗೆ ತನ್ನ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವ ಸ್ವಭಾವ. ಮ್ಯಾಂಗನೀಸ್ ಡೈಆಕ್ಸೈಡಿಗೆ ಅವನ್ನು ತೆಗೆದುಕೊಳ್ಳುವ ಸ್ವಭಾವ. ಕೊಡುವವರೂ ಇದ್ದಾರೆ, ತಗೊಳ್ಳುವವರೂ ಇದ್ದಾರೆ. ಇಬ್ಬರೂ ನೇರವಾಗಿ ಸೇರಿಬಿಟ್ಟರೆ ಆ ಶಕ್ತಿಯೆಲ್ಲ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಸೆಲ್ಲಿನಲ್ಲಿ ಇಬ್ಬರ ನಡುವೆ ನವಸಾಗರದ ಪೇಸ್ಟ್ ಇಟ್ಟಿದ್ದಾರೆ. ಅದರ ಮೂಲಕ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳು, ದಾಟಬಹುದು, ಎಲೆಕ್ಟ್ರಾನುಗಳು ದಾಟಲಾರವು. ಎಲೆಕ್ಟ್ರಾನಿಗೆ ಉಳಿದದ್ದು ಸುತ್ತು ದಾರಿ: ಸತುವಿನಿಂದ ಹೊರಬಿದ್ದು, ಬಲ್ಬಿನ ಮೂಲಕ ಹಾದು, ಇಂಗಾಲದ ಕಡ್ಡಿಯಿಂದ ಮತ್ತೆ ಒಳಕ್ಕೆ. ಸ್ವಿಚ್ ಒತ್ತಿದರೆ ಆ ಸುತ್ತು ದಾರಿ ತೆರೆಯುತ್ತದೆ. ಬಲ್ಬು ಉರಿಯುತ್ತದೆ.

ಹಾಗಾಗಿ ಬ್ಯಾಟರಿಯೊಳಗೆ ಕರೆಂಟು ತುಂಬಿಟ್ಟಿರುತ್ತಾರೆ ಅನ್ನುವುದು ಪೂರ್ತಿ ಸರಿಯಲ್ಲ. ಅದರಲ್ಲಿರುವುದು ಕರೆಂಟಾಗಲು ಸಿದ್ಧವಾಗಿ, ತಡೆದು ನಿಲ್ಲಿಸಿದ ರಸಾಯನ.

ನಮ್ಮ ಕಡೆಯ ಕೆರೆಯನ್ನು ನೆನಪಿಸಿಕೊಂಡರೆ ಇದು ಸುಲಭ. ಕೆರೆಯ ನೀರು ತಗ್ಗಿನ ಗದ್ದೆಗೆ ಇಳಿಯಲು ಸದಾ ತಯಾರು. ಏರಿ ಅದನ್ನು ತಡೆದಿದೆ. ತೂಬು ಎತ್ತಿದಾಗ ಮಾತ್ರ ಹರಿಯುತ್ತದೆ. ಗದ್ದೆಗಿಂತ ಕೆರೆ ಎಷ್ಟು ಎತ್ತರದಲ್ಲಿದೆಯೋ ನೀರಿಗೆ ಅಷ್ಟು ರಭಸ. ಅದು ವೋಲ್ಟ್. ಕೆರೆಯಲ್ಲಿ ಒಟ್ಟು ಎಷ್ಟು ನೀರಿದೆ ಎಂಬುದು ಆಂಪಿಯರ್ ಅವರ್. ತೂಬಿನಿಂದ ಒಂದು ಹೊತ್ತಿಗೆ ಎಷ್ಟು ಹರಿಯುತ್ತದೆ ಎಂಬುದು ಆಂಪಿಯರ್. ಗಡಿಯಾರದ ಪುಟ್ಟ ಪೆನ್ಸಿಲ್ ಸೆಲ್ಲಿನಲ್ಲೂ 1.5 ವೋಲ್ಟ್, ತಾತನ ದಪ್ಪ ಸೆಲ್ಲಿನಲ್ಲೂ ಅದೇ 1.5 ವೋಲ್ಟ್. ಯಾಕೆಂದರೆ ಎತ್ತರವನ್ನು ತೀರ್ಮಾನಿಸುವುದು ಒಳಗಿನ ವಸ್ತುಗಳ ಸ್ವಭಾವ. ಗಾತ್ರ ದೊಡ್ಡದಾದರೆ ನೀರು ಜಾಸ್ತಿ ಅಷ್ಟೇ, ಎತ್ತರ ಹೆಚ್ಚುವುದಿಲ್ಲ. ಎತ್ತರ ಬೇಕಾದರೆ ಸೆಲ್ಲಿನ ಹಿಂದೆ ಸೆಲ್ಲು ಜೋಡಿಸಬೇಕು. ಮೂರು ಸೆಲ್ಲಿಗೆ 4.5 ವೋಲ್ಟ್.

ಬಿಸಿಲಿಗೆ ಇಡುವುದರಲ್ಲೂ ಅರ್ಥವಿತ್ತು. ಬಳಸುತ್ತಾ ಹೋದಂತೆ ರಾಸಾಯನಿಕ ಕ್ರಿಯೆಯ ಕಸ ಕರಿ ಪುಡಿಯ ಸುತ್ತ ಒತ್ತೊತ್ತಾಗಿ ಕೂಡುತ್ತದೆ. ಬಿಡುವು ಕೊಟ್ಟರೆ ಅದು ಸ್ವಲ್ಪ ಚದುರುತ್ತದೆ. ಬಿಸಿಯಲ್ಲಿ ಕ್ರಿಯೆಯೂ ಚುರುಕಾಗುತ್ತದೆ. ಹೊಸ ಶಕ್ತಿ ಏನೂ ಬರುವುದಿಲ್ಲ, ಅಡಿಯಲ್ಲಿ ಉಳಿದದ್ದನ್ನು ಬಳಿದು ತೆಗೆದ ಹಾಗೆ. ಇನ್ನೊಂದು ವಿಷಯ: ಈ ಸೆಲ್ಲಿನ ಡಬ್ಬಿಯೇ ಅದರ ಉರುವಲು. ಸತುವಿನ ತಗಡು ಒಳಗಿನಿಂದ ಕರಗುತ್ತಾ ಬರುತ್ತದೆ. ಮರೆತು ಒಳಗೇ ಬಿಟ್ಟ ಹಳೇ ಸೆಲ್ಲು ಸೋರಿ ರಿಮೋಟು, ಗಡಿಯಾರ ಹಾಳಾಗುವುದಕ್ಕೆ ಮುಖ್ಯ ಕಾರಣ ಇದೇ.

ಈ ಸೆಲ್ಲಿನ ಮೂಲ ರೂಪವನ್ನು ಮಾಡಿದವರು ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ, 1866ರಲ್ಲಿ. ಅದು ನೀರು ತುಂಬಿದ ಗಾಜಿನ ಜಾಡಿ. ಹೊತ್ತು ತಿರುಗುವಂತಿರಲಿಲ್ಲ. 1880ರ ದಶಕದಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಆ ನೀರನ್ನು ಗಟ್ಟಿ ಪೇಸ್ಟ್ ಮಾಡಿ ಸತುವಿನ ಡಬ್ಬಿಯಲ್ಲೇ ಮುಚ್ಚಿಟ್ಟರು. ಉಲ್ಟಾ ಹಿಡಿದರೂ ಚೆಲ್ಲದ ಸೆಲ್ಲು ಸಿಕ್ಕಿದ್ದು ಆಗ. ನನ್ನ ಲೆಕ್ಕದಲ್ಲಿ ಇದು ಸಣ್ಣ ಸುಧಾರಣೆಯಲ್ಲ. ಚೆಲ್ಲುವ ಬ್ಯಾಟರಿಯನ್ನು ಕೋಣೆಯಲ್ಲಿ ಇಡಬಹುದು. ಚೆಲ್ಲದ ಬ್ಯಾಟರಿಯನ್ನು ಮಾತ್ರ ಕೈಯಲ್ಲಿ ಹಿಡಿದು ನಡೆಯಬಹುದು.

ಅದಕ್ಕೂ ಹಿಂದೆ, 1800ರಲ್ಲಿ, ಇಟಲಿಯ ಅಲೆಸಾಂಡ್ರೊ ವೋಲ್ಟಾ ಸತು ಮತ್ತು ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ಬಟ್ಟೆ ಇಟ್ಟು, ಒಂದರ ಮೇಲೊಂದು ಪೇರಿಸಿ, ಜಗತ್ತಿನ ಮೊದಲ ಬ್ಯಾಟರಿ ಮಾಡಿದ್ದರು. ಅಲ್ಲಿಯವರೆಗೆ ಮನುಷ್ಯರಿಗೆ ಗೊತ್ತಿದ್ದ ವಿದ್ಯುತ್ತೆಂದರೆ ಚಟ್ ಎಂದು ಹಾರಿ ಮಾಯವಾಗುವ ಕಿಡಿ. ಒಂದೇ ಸಮನೆ ಹರಿಯುವ ಕರೆಂಟು ಸಿಕ್ಕಿದ್ದು ಆ ಪೇರಿಕೆಯಿಂದ. ಮೊದಲು ಕರೆಂಟಿನ ಕಂಬ, ಆಮೇಲೆ ಬ್ಯಾಟರಿ ಬಂತು ಎಂದುಕೊಳ್ಳುವವರು ಬಹಳ ಜನ. ಆದದ್ದು ತಿರುಗುಮುರುಗು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಅದಕ್ಕಿಂತ ಎಷ್ಟೋ ದಶಕ ಮೊದಲೇ ದೇಶದಲ್ಲಿ ಟೆಲಿಗ್ರಾಫ್ ಇತ್ತು. ತಂತಿಯ ಆ ಕಟ್ಟಕಡ ಸದ್ದನ್ನು ಊರಿಂದೂರಿಗೆ ಒಯ್ದದ್ದು ಕಚೇರಿಗಳಲ್ಲಿ ಸಾಲಾಗಿ ಇಟ್ಟಿದ್ದ ಬ್ಯಾಟರಿ ಜಾಡಿಗಳು.

ಸೆಲ್ಲಿನ ಕಷ್ಟವೆಂದರೆ ಒಮ್ಮೆ ಮುಗಿದರೆ ಮುಗಿಯಿತು. ಹರಿದುಹೋದ ನೀರನ್ನು ಮತ್ತೆ ಕೆರೆಗೆ ಎತ್ತುವ ಬ್ಯಾಟರಿಯನ್ನು 1859ರಲ್ಲಿ ಮಾಡಿದವರು ಫ್ರಾನ್ಸಿನವರೇ ಆದ ಗಾಸ್ಟೋನ್ ಪ್ಲಾಂಟೆ. ಸೀಸದ ಎರಡು ಹಾಳೆ, ನೀರು ಬೆರೆಸಿದ ಗಂಧಕಾಮ್ಲ. ಇವತ್ತು ನಿಮ್ಮ ಮನೆಯ ಇನ್ವರ್ಟರ್ ಕೆಳಗೆ ಕೂತಿರುವ ಭಾರದ ಡಬ್ಬಿ ಬಹುಮಟ್ಟಿಗೆ ಅದೇ. ಕಾರು ಹುಟ್ಟುವುದಕ್ಕೂ ಮೊದಲಿನ ಬ್ಯಾಟರಿ ಇವತ್ತಿಗೂ ಕಾರಿನ ಬಾನೆಟ್ಟಿನೊಳಗೆ ದುಡಿಯುತ್ತಿದೆ.

ಅದು ಅಲ್ಲಿಗೆ ಸೇರಿದ ಕಥೆ ಚೆನ್ನಾಗಿದೆ. ಹಿಂದೆ ಕಾರು, ಲಾರಿ, ಬಸ್ಸು ಯಾವುದೇ ಇರಲಿ, ಮುಂದೆ ನಿಂತು ಹ್ಯಾಂಡಲ್ ಹಾಕಿ ತಿರುಗಿಸಿ ಶುರು ಮಾಡಬೇಕಿತ್ತು. ತೋಳಿನಲ್ಲಿ ಬಲ ಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತಿತ್ತು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಎಂಜಿನ್ನನ್ನು ನಿದ್ದೆಯಿಂದ ಎಬ್ಬಿಸಲು ಕೆಲವು ಸೆಕೆಂಡು ನೂರಾರು ಆಂಪಿಯರ್ ಬೇಕು. ಸೀಸದ ಬ್ಯಾಟರಿ ಅಷ್ಟನ್ನು ಒಮ್ಮೆಲೇ ಸುರಿದು ಕೊಡಬಲ್ಲದು. ಆಮೇಲೆ ಎಂಜಿನ್ ಓಡುತ್ತಾ ಸಾಲ ತೀರಿಸುತ್ತದೆ. ಬಲಶಾಲಿಗಳು ಮಾತ್ರ ಓಡಿಸಬಹುದಾದ ಗಾಡಿ ಎಲ್ಲರ ಗಾಡಿಯಾದದ್ದರಲ್ಲಿ ಈ ಬ್ಯಾಟರಿಯ ಪಾಲು ದೊಡ್ಡದು.

ಇನ್ವರ್ಟರಿಗೆ ಬರೋಣ. ಅದರ ಬಗ್ಗೆ ತಿಳಿದುಕೊಂಡರೆ ದುಡ್ಡೂ ಉಳಿಯುತ್ತದೆ. 12 ವೋಲ್ಟಿನ ಡಬ್ಬಿಯಲ್ಲಿ ಎರಡೆರಡು ವೋಲ್ಟಿನ ಆರು ಕೋಣೆಗಳಿವೆ. ಪ್ರತಿ ಕೋಣೆಯಲ್ಲಿ ಒಂದು ಕಡೆ ಸೀಸದ ಪ್ಲೇಟು, ಇನ್ನೊಂದು ಕಡೆ ಸೀಸದ ಡೈಆಕ್ಸೈಡಿನ ಪ್ಲೇಟು, ನಡುವೆ ಆಸಿಡ್. ಕರೆಂಟು ಕೊಡುವಾಗ ಎರಡೂ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕಟ್ಟುತ್ತದೆ, ಆಸಿಡ್ ತೆಳ್ಳಗಾಗುತ್ತದೆ. ಚಾರ್ಜ್ ಮಾಡಿದರೆ ಎಲ್ಲ ಹಿಂದಕ್ಕೆ. ಬ್ಯಾಟರಿ ಅಂಗಡಿಯವರು ಗಾಜಿನ ಕೊಳವೆಯಲ್ಲಿ ಆಸಿಡ್ ಎಳೆದು ನೋಡುವುದು ಇದನ್ನೇ. ಆಸಿಡ್ ಗಟ್ಟಿ ಇದ್ದರೆ ಬ್ಯಾಟರಿ ತುಂಬಿದೆ, ತೆಳ್ಳಗಿದ್ದರೆ ಖಾಲಿ.

ಖಾಲಿ ಮಾಡಿ ಹಾಗೇ ದಿನಗಟ್ಟಲೆ ಬಿಟ್ಟರೆ ಆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗುವುದಿಲ್ಲ. ಬೇಸಿಗೆ ರಜೆಗೆ ಮೇನ್ ಆಫ್ ಮಾಡಿ, ಖಾಲಿ ಬ್ಯಾಟರಿ ಬಿಟ್ಟು ಊರಿಗೆ ಹೋಗಿ ನಾನೇ ಒಂದನ್ನು ಹೀಗೆ ಕಳೆದುಕೊಂಡಿದ್ದೇನೆ. ಚಾರ್ಜ್ ತುಂಬುತ್ತಾ ಬಂದಾಗ ಒಳಗಿನ ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ ಆಗಿ ಹೋಗುತ್ತದೆ. ಅದಕ್ಕೇ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕು, ಅದಕ್ಕೇ ಬ್ಯಾಟರಿ ಇರುವ ಜಾಗದಲ್ಲಿ ಗಾಳಿ ಆಡಬೇಕು, ಹತ್ತಿರ ಬೆಂಕಿ ಕಡ್ಡಿ ಗೀರಬಾರದು. ನಲ್ಲಿ ನೀರು ಬೇಡ, ಅದರಲ್ಲಿರುವ ಲವಣಗಳು ಪ್ಲೇಟಿಗೆ ಕೇಡು. 150 ಆಂಪಿಯರ್ ಅವರ್ ಬ್ಯಾಟರಿಯನ್ನು 12 ವೋಲ್ಟಿನಿಂದ ಗುಣಿಸಿ: 1800 ವ್ಯಾಟ್ ಅವರ್, ಅಂದರೆ 1.8 ಯೂನಿಟ್. ಇಬ್ಬರು ಸೇರಿ ಎತ್ತಬೇಕಾದ ಡಬ್ಬಿಯಲ್ಲಿ ಎರಡು ಯೂನಿಟ್ ಕರೆಂಟೂ ಇಲ್ಲ! ಆದರೂ ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟು ಹೋದಾಗ ಆ 1.8 ಯೂನಿಟ್ ಎಷ್ಟು ಮಕ್ಕಳಿಗೆ ಆಸರೆಯಾಗಿದೆ. ಕಂಬವೇ ಬಾರದಿದ್ದ ಹಳ್ಳಿ, ಕಾಡಂಚಿನ ಒಂಟಿ ಮನೆಗಳಿಗೂ ಇದೇ ಸೀಸದ ಬ್ಯಾಟರಿ ಸೋಲಾರ್ ಜೊತೆ ಸೇರಿ ಬೆಳಕು ಕೊಟ್ಟಿದೆ. 1995ರಲ್ಲಿ ಸೆಲ್ಕೋ ಸಂಸ್ಥೆ ಶುರು ಮಾಡಿ ಇಂಥ ಮನೆಗಳಿಗೆ ದೀಪ ಮುಟ್ಟಿಸಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಲ್ಲಿ ಸೋಲಾರ್ ಫಲಕ ಎಲ್ಲರ ಕಣ್ಣಿಗೆ ಬೀಳುತ್ತದೆ. ರಾತ್ರಿ ಏಳರ ಬೆಳಕು ಮಾತ್ರ ಬ್ಯಾಟರಿಯದು. ಬೇಸಿಗೆಯ ಬಿಸಿಲಲ್ಲಿ ಹಪ್ಪಳ ಸಂಡಿಗೆ ಒಣಗಿಸಿ ಮಳೆಗಾಲಕ್ಕೆ ಡಬ್ಬಿಯಲ್ಲಿಡುವ ಮನೆಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬ್ಯಾಟರಿಯ ಕಥೆಗೆ ಇನ್ನೊಂದು ಮಗ್ಗಲಿದೆ. ಹೆಚ್ಚು ತುಂಬುವುದು ಒಂದು ದಾರಿ, ಕಡಿಮೆ ಖರ್ಚು ಮಾಡುವುದು ಇನ್ನೊಂದು. ಎರಡನೆಯದೂ ನಮ್ಮ ಬದುಕನ್ನು ಅಷ್ಟೇ ಬದಲಿಸಿದೆ.

ರೇಡಿಯೊ ನೋಡಿ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ಆಗಿನ ರೇಡಿಯೊಗಳಲ್ಲಿ ಇದ್ದದ್ದು ವಾಲ್ವ್. ಬಲ್ಬಿನ ಹಾಗೆ ತಂತಿ ಕಾಯಬೇಕು, ಆಮೇಲೆ ಸದ್ದು. ಸಣ್ಣ ಸೆಲ್ಲುಗಳಿಗೆ ಅದು ಆಗುವ ಮಾತಲ್ಲ. ಹಾಗಾಗಿ ರೇಡಿಯೊ ಎಂದರೆ ಪಡಸಾಲೆಯ ಮೇಜಿನ ಮೇಲೆ ಕೂತ ದೊಡ್ಡ ಪೆಟ್ಟಿಗೆ. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಅಂಗೈಯಲ್ಲಿ ಹಿಡಿಯುವ ರೇಡಿಯೊ ಮಾರಾಟಕ್ಕೆ ಬಂತು. ಬ್ಯಾಟರಿ ಅಷ್ಟೇನೂ ಬದಲಾಗಿರಲಿಲ್ಲ. ರೇಡಿಯೊದ ಹಸಿವು ಕಡಿಮೆಯಾಗಿತ್ತು. ‘ಟ್ರಾನ್ಸಿಸ್ಟರ್’ ಎಂಬುದು ನಮ್ಮಲ್ಲಿ ಆ ಪೆಟ್ಟಿಗೆಯ ಹೆಸರೇ ಆಗಿಹೋಯಿತು. ಹೊಲದಲ್ಲಿ ಕಳೆ ತೆಗೆಯುವಾಗ ಬದುವಿನ ಮೇಲೆ, ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಗೂಟದ ಮೇಲೆ, ಪ್ರದೇಶ ಸಮಾಚಾರವೂ ಕ್ರಿಕೆಟ್ ಕಾಮೆಂಟರಿಯೂ ಬಂದವು. ಸುದ್ದಿ ಕೇಳಲು ಕರೆಂಟಿದ್ದವರ ಪಡಸಾಲೆಗೆ ಹೋಗಿ ಬಾಗಿಲ ಬಳಿ ನಿಲ್ಲಬೇಕಾದ ಕಾಲ ಮುಗಿಯಿತು. ನನಗೆ ಇದು ಬಹಳ ದೊಡ್ಡ ಸಂಗತಿ.

ಟಾರ್ಚಿನಲ್ಲೂ ಹೀಗೇ ಆಯಿತು. ಎಲ್‌ಇಡಿ ಬಂದ ಮೇಲೆ ಅದೇ ಸೆಲ್ಲು ಎಷ್ಟೋ ಪಟ್ಟು ಹೆಚ್ಚು ಹೊತ್ತು ಬರುತ್ತದೆ. ಕೈಗಡಿಯಾರದಲ್ಲಿ ಬೆಂಗಳೂರಿನ ಎಚ್‌ಎಂಟಿಗೆ ದಿನಾ ಬೆಳಿಗ್ಗೆ ಕೀ ಕೊಡುತ್ತಿದ್ದೆವಲ್ಲ, ಕ್ವಾರ್ಟ್ಜ್ ಬಂದ ಮೇಲೆ ಹುಣಸೆ ಬೀಜದಷ್ಟು ಸೆಲ್ಲು ಎರಡು ವರ್ಷ ಮುಳ್ಳು ನಡೆಸಿತು. ಒಳಗಿನ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಸರಿಯಾಗಿ ಒಂದು. ಅದೇ ಒಂದು ಟಿಕ್.

ಹೆಚ್ಚಿನವರು ಗಮನಿಸದ ಇನ್ನೊಂದು ಬ್ಯಾಟರಿ ಇದೆ, ಮತಯಂತ್ರದ್ದು. ನಮ್ಮ ಇವಿಎಂ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಯಂತ್ರವಲ್ಲ. ತನ್ನದೇ ಬ್ಯಾಟರಿ ಪ್ಯಾಕಿನಲ್ಲಿ ಓಡುತ್ತದೆ. ಇದನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಒಂದು ಬೆಂಗಳೂರಿನ ಬಿಇಎಲ್, ಇನ್ನೊಂದು ಹೈದರಾಬಾದಿನ ಇಸಿಐಎಲ್. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಸಿದರು. 2004ರ ಲೋಕಸಭೆ ಚುನಾವಣೆ ಹೊತ್ತಿಗೆ ಎಲ್ಲ ಕ್ಷೇತ್ರಗಳಿಗೂ ಬಂತು. ಕರೆಂಟು ಬರಲಿ ಹೋಗಲಿ, ಬೆಟ್ಟದ ಮೇಲಿನ ಹಾಡಿಯ ಅಜ್ಜಿಯ ಓಟಿಗೂ ಪಟ್ಟಣದ ಓಟಿಗೂ ಅದೇ ‘ಬೀಪ್’. ಈ ಸಮಾನತೆಯ ಹಿಂದೆ ಒಂದು ಸಣ್ಣ ಬ್ಯಾಟರಿ ಪ್ಯಾಕ್ ಇದೆ ಎಂಬುದು ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಇನ್ನು ಜೇಬಿನಲ್ಲಿರುವ ಬ್ಯಾಟರಿ. 1973ರ ಏಪ್ರಿಲ್ 3ರಂದು ಮೋಟೊರೋಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿಯುವ ಮೊಬೈಲಿನಿಂದ ಮೊದಲ ಕರೆ ಮಾಡಿದರು. ಅದರ ತೂಕ ಒಂದು ಕಿಲೋಗಿಂತ ಜಾಸ್ತಿ. ಹತ್ತು ವರ್ಷ ಕಳೆದು ಅಂಗಡಿಗೆ ಬಂದ ಮೊದಲ ಮಾಡೆಲಿಗೂ ಸುಮಾರು ಹತ್ತು ಗಂಟೆ ಚಾರ್ಜ್ ಮಾಡಿದರೆ ಅರ್ಧ ಗಂಟೆ ಮಾತು. ಕರೆ ಮಾಡುವ ತಂತ್ರ ಸಿಕ್ಕಿತ್ತು. ಅದನ್ನು ಜೇಬಿಗೆ ಇಳಿಸುವ ಬ್ಯಾಟರಿ ಇನ್ನೂ ಸಿಕ್ಕಿರಲಿಲ್ಲ.

ಆಗ ಬೇರೆ ಬೇರೆ ಕಡೆ ಮೂವರು ಲಿಥಿಯಂ ಹಿಂದೆ ಬಿದ್ದಿದ್ದರು. ಲಿಥಿಯಂ ಲೋಹಗಳಲ್ಲೇ ಅತಿ ಹಗುರ, ಎಲೆಕ್ಟ್ರಾನ್ ಬಿಟ್ಟುಕೊಡಲು ಬಲು ಆತುರ. ನೀರು ತಾಗಿದರೆ ಬುಸುಗುಡುವಷ್ಟು ಆತುರ, ಅದೇ ತೊಂದರೆ. 1970ರ ದಶಕದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಎಕ್ಸಾನ್ ಎಂಬ ಎಣ್ಣೆ ಕಂಪನಿಯಲ್ಲಿ ಮೊದಲ ಲಿಥಿಯಂ ಚಾರ್ಜಬಲ್ ಬ್ಯಾಟರಿ ಮಾಡಿದರು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿದ್ದ ಜಾನ್ ಗುಡ್‌ಇನಫ್ ಲಿಥಿಯಂ ಕೋಬಾಲ್ಟ್ ಆಕ್ಸೈಡ್ ಬಳಸಿ ವೋಲ್ಟೇಜನ್ನು ಹೆಚ್ಚುಕಡಿಮೆ ಇಮ್ಮಡಿಗೆ ಏರಿಸಿದರು. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಆತುರದ ಲಿಥಿಯಂ ಲೋಹವನ್ನೇ ತೆಗೆದುಹಾಕಿ, ಅದರ ಜಾಗಕ್ಕೆ ಇಂಗಾಲ ತಂದು, ಅಪಾಯ ತಗ್ಗಿಸಿದರು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. 2019ರಲ್ಲಿ ಮೂವರಿಗೂ ನೊಬೆಲ್ ಬಂತು. ಗುಡ್‌ಇನಫ್ ಅವರಿಗೆ ಆಗ 97 ವರ್ಷ.

ಇದು ಕೆಲಸ ಮಾಡುವ ಬಗೆ ಹಳೇ ಸೆಲ್ಲಿನಂತಲ್ಲ. ಚಿಕ್ಕಂದಿನಲ್ಲಿ ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟು ಮರಿ ಹಾಕುತ್ತದೆಂದು ಕಾಯುತ್ತಿದ್ದೆವಲ್ವಾ? ಗರಿಯನ್ನು ಒಂದು ಪುಸ್ತಕದಿಂದ ತೆಗೆದು ಇನ್ನೊಂದಕ್ಕೆ ಇಟ್ಟರೂ ಹಾಳೆ ಹರಿಯುವುದಿಲ್ಲ. ಲಿಥಿಯಂ ಅಯಾನ್ ಬ್ಯಾಟರಿಯಲ್ಲಿ ಎರಡು ಪುಸ್ತಕಗಳಿವೆ. ಒಂದು ಗ್ರಾಫೈಟ್, ಪದರ ಪದರವಾದ ಇಂಗಾಲ. ಇನ್ನೊಂದು ಕೋಬಾಲ್ಟ್ ಆಕ್ಸೈಡಿನಂಥ ವಸ್ತು, ಅದೂ ಪದರ ಪದರ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಹಾಳೆಗಳ ನಡುವೆ ಹೋಗಿ ಕೂರುತ್ತವೆ. ಬಳಸುವಾಗ ಹಿಂದಿರುಗುತ್ತವೆ. ಅಯಾನು ಒಳಗಿಂದ ಓಡಾಡಿದರೆ, ಎಲೆಕ್ಟ್ರಾನು ಸುತ್ತು ದಾರಿಯಲ್ಲಿ ನಿಮ್ಮ ಫೋನಿನ ಮೂಲಕ. ಪುಸ್ತಕ ಹೆಚ್ಚು ಹಾಳಾಗದ ಕಾರಣ ನೂರಾರು ಸಲ ಹೀಗೆ ಮಾಡಬಹುದು.

ಹಗುರದ ಲೆಕ್ಕ ನೋಡಿ. ಸೀಸದ ಬ್ಯಾಟರಿ ಕಿಲೋಗೆ 30ರಿಂದ 40 ವ್ಯಾಟ್ ಅವರ್ ಕೊಟ್ಟರೆ ಲಿಥಿಯಂ ಅಯಾನ್ 150ರಿಂದ 250 ಕೊಡುತ್ತದೆ. 5000 ಮಿಲಿ ಆಂಪಿಯರ್ ಅವರ್ ಎಂದು ಬರೆದಿರುವ ಫೋನಿನಲ್ಲಿ ಸುಮಾರು 19 ವ್ಯಾಟ್ ಅವರ್ ಇರುತ್ತದೆ. ಅದನ್ನೇ ಸೀಸದಲ್ಲಿ ಮಾಡಿದರೆ ಬ್ಯಾಟರಿಯೊಂದೇ ಅರ್ಧ ಕಿಲೋ ತೂಗುತ್ತದೆ. ಇನ್ನೊಂದು ಲೆಕ್ಕ: ದಿನಾ ಪೂರ್ತಿ ಚಾರ್ಜ್ ಮಾಡಿದರೂ ವರ್ಷಕ್ಕೆ ಹತ್ತು ಯೂನಿಟ್ ದಾಟುವುದು ಕಷ್ಟ. ಸಂತೆಯಲ್ಲಿ ಸೊಪ್ಪು ಮಾರುವವರು ಕ್ಯೂಆರ್ ಕೋಡಿನಲ್ಲಿ ದುಡ್ಡು ತೆಗೆದುಕೊಳ್ಳುವುದು, ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗಿ ಫೋನಿನಲ್ಲೇ ವಿವರ ತುಂಬುವುದು, ದುಬೈನಲ್ಲಿರುವ ಮಗ ಉಡುಪಿಯ ತಾಯಿಯ ಮುಖ ನೋಡಿ ಮಾತಾಡುವುದು, ಎಲ್ಲವೂ ಆ ಹತ್ತು ಯೂನಿಟ್ಟಿನೊಳಗೆ.

ಫೋನ್ ಬ್ಯಾಟರಿ ಯಾಕೆ ಸೊರಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಗ್ರಾಫೈಟಿನ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಅದು ಬೇಕೇ ಬೇಕು, ಅದಿಲ್ಲದೆ ಬ್ಯಾಟರಿ ಉಳಿಯುವುದಿಲ್ಲ. ಆದರೆ ವರ್ಷ ಕಳೆದಂತೆ ಪೊರೆ ದಪ್ಪವಾಗುತ್ತದೆ, ಓಡಾಡಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಬೀಳುತ್ತದೆ. ಬಿಸಿ ಹೆಚ್ಚಿದಷ್ಟೂ, ಬ್ಯಾಟರಿ ನೂರಕ್ಕೆ ನೂರು ತುಂಬಿ ಕೂತಷ್ಟೂ ಈ ಸವೆತ ಬೇಗ. ಅದಕ್ಕೇ 20ರಿಂದ 80ರ ನಡುವೆ ಇಡಿ ಅನ್ನುವುದು, ದಿಂಬಿನಡಿ ಚಾರ್ಜ್ ಹಾಕಬೇಡಿ ಅನ್ನುವುದು. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಎಂಬ ಮಾತು ಹಳೇ ನಿಕೆಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ್ದು, ಈಗ ಅದನ್ನು ಮರೆಯಬಹುದು. ಉಬ್ಬಿದ ಬ್ಯಾಟರಿಯನ್ನು ಮಾತ್ರ ಒಂದು ದಿನವೂ ಬಳಸಬೇಡಿ, ಚುಚ್ಚಬೇಡಿ. ಒಳಗೆ ಗ್ಯಾಸ್ ತುಂಬಿದೆ, ಬೆಂಕಿ ಹತ್ತಿದರೆ ಒಂದು ಸೆಲ್ಲಿನ ಬಿಸಿ ಪಕ್ಕದ ಸೆಲ್ಲಿಗೆ ಹಬ್ಬುತ್ತದೆ. ವಿಮಾನದಲ್ಲಿ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು ಎನ್ನುವುದೂ ಇದಕ್ಕೇ. ಕಣ್ಣೆದುರು ಹೊಗೆಯಾಡಿದರೆ ಏನಾದರೂ ಮಾಡಬಹುದು, ಲಗೇಜ್ ಕೋಣೆಯಲ್ಲಾದರೆ ಕಷ್ಟ.

ಇದೇ ಬ್ಯಾಟರಿ ಈಗ ಗಾಡಿಗೆ ಬಂದಿದೆ. ಬೆಂಗಳೂರಿನಲ್ಲಿ 2001ರಲ್ಲೇ ರೇವಾ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರು ಓಡಾಡಿತ್ತು. ಆದರೆ ಅದು ಹೊತ್ತದ್ದು ಸೀಸ. ಬ್ಯಾಟರಿಯ ಭಾರ ಎಳೆಯುವುದರಲ್ಲೇ ಬ್ಯಾಟರಿ ಸುಸ್ತಾಗುತ್ತಿತ್ತು. ಇಂದಿನ ಸ್ಕೂಟರಿನಲ್ಲಿ ಮೂರು ಯೂನಿಟ್ಟಿನ ಲಿಥಿಯಂ ಬ್ಯಾಟರಿ ಸಾಮಾನ್ಯ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಇದೆ. ಅಂದರೆ ಆ ಸ್ಕೂಟರ್ ಹೊತ್ತಿರುವುದು ಮೂರನೇ ಒಂದು ಲೀಟರ್ ಪೆಟ್ರೋಲಿಗೆ ಸಮ. ಅಷ್ಟರಲ್ಲೇ ತೊಂಬತ್ತು, ನೂರು ಕಿಲೋಮೀಟರ್ ಹೋಗುತ್ತದೆ. ಯಾಕೆಂದರೆ ಪೆಟ್ರೋಲ್ ಎಂಜಿನ್ ತನ್ನ ಶಕ್ತಿಯ ಬಹುಪಾಲನ್ನು ಬಿಸಿಯಾಗಿ ಗಾಳಿಗೆ ಬಿಡುತ್ತದೆ, ಮೋಟಾರು ಬಹುಪಾಲನ್ನು ಚಕ್ರಕ್ಕೆ ಕೊಡುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೂ ಮುಂದೆ ಬೇಕಾಗುವುದು ದೊಡ್ಡ ಬ್ಯಾಟರಿಗಳೇ. ಸಂಜೆ ಎಲ್ಲರೂ ಸ್ವಿಚ್ ಹಾಕುವ ಹೊತ್ತಿಗೆ ಸರಿಯಾಗಿ ಅಲ್ಲಿ ಸೂರ್ಯ ಮುಳುಗುತ್ತಾನೆ.

ಇದಕ್ಕೆಲ್ಲ ಬೇರೆಯವರು ತೆರುವ ಬೆಲೆಯೂ ಇದೆ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಬಾಲ್ಟ್ ಬರುವುದು ಕಾಂಗೊ ದೇಶದಿಂದ. ಅಲ್ಲಿನ ಎಷ್ಟೋ ಗುಂಡಿಗಳಲ್ಲಿ ಮಕ್ಕಳೂ ಅಗೆಯುತ್ತಾರೆ. ಕೋಬಾಲ್ಟ್ ಬೇಡದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳು ಹೆಚ್ಚುತ್ತಿರುವುದು ಈ ಕಾರಣಕ್ಕೂ ಒಳ್ಳೆಯದು. ಲಿಥಿಯಂ ಚಿಲಿಯ ಅಟಕಾಮಾ ಮರುಭೂಮಿಯಿಂದ, ಆಸ್ಟ್ರೇಲಿಯಾದ ಬಂಡೆಗಳಿಂದ ಬರುತ್ತದೆ. ಮಂಡ್ಯ ಜಿಲ್ಲೆಯ ಮಾರ್ಲಗಲ್ಲ, ಅಲ್ಲಾಪಟ್ಟಣದ ಸುತ್ತಲಿನ ಬಂಡೆಗಳಲ್ಲೂ ಸುಮಾರು 1,600 ಟನ್ ಇರಬಹುದೆಂದು ಪರಮಾಣು ಖನಿಜ ಇಲಾಖೆಯ ಸಮೀಕ್ಷೆ ಅಂದಾಜು ಮಾಡಿದೆ. ಅದು ಜಗತ್ತಿನ ಲೆಕ್ಕದಲ್ಲಿ ಬಹಳ ಸಣ್ಣದು. ಸೀಸದ ಬ್ಯಾಟರಿಯಲ್ಲಿ ಒಂದು ಒಳ್ಳೆಯ ಗುಣವಿದೆ: ಹಳೆಯದಕ್ಕೆ ಬೆಲೆ ಇದೆ, ಸೀಸ ಕರಗಿಸಿ ಮತ್ತೆ ಬಳಸಬಹುದು. ಆದರೆ ಹಿತ್ತಿಲಲ್ಲಿ ಒಲೆ ಹಾಕಿ ಕರಗಿಸುವ ಕಡೆ ಆ ಹೊಗೆ ಮಕ್ಕಳ ಮೆದುಳಿಗೆ ವಿಷ. 2022ರ ನಿಯಮದ ಪ್ರಕಾರ ಹಳೇ ಬ್ಯಾಟರಿಗಳನ್ನು ವಾಪಸ್ ಪಡೆಯುವ ಹೊಣೆ ತಯಾರಕರದು. ದಯವಿಟ್ಟು ಗುಜರಿಗೆ ಹಾಕದೆ ಅಂಗಡಿಗೇ ಕೊಡಿ.

ವೈರಿನ ಮಾತಿನಿಂದ ಶುರು ಮಾಡಿದ್ದೆ. ಅದಕ್ಕೇ ಮರಳುತ್ತೇನೆ. 1950ರ ದಶಕದಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಮಕ್ಕಳ ಹೃದಯ ಆಪರೇಷನ್ ಆದ ಮೇಲೆ ಎದೆಬಡಿತ ನಡೆಸಲು ಪೇಸ್‌ಮೇಕರ್ ಹಚ್ಚುತ್ತಿದ್ದರು. ಅದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಪೆಟ್ಟಿಗೆ. ವೈರು ಎಷ್ಟು ಉದ್ದವೋ ಮಗುವಿನ ಓಡಾಟ ಅಷ್ಟೇ. 1957ರ ಅಕ್ಟೋಬರ್ 31ರಂದು ಆ ಊರಲ್ಲಿ ಕರೆಂಟು ಹೋಯಿತು. ಅದಾದ ಕೆಲವೇ ವಾರಗಳಲ್ಲಿ ಅರ್ಲ್ ಬ್ಯಾಕನ್ ಎಂಬ ಎಂಜಿನಿಯರ್ ಬ್ಯಾಟರಿಯಲ್ಲಿ ಓಡುವ, ಮೈಮೇಲೆ ಕಟ್ಟಿಕೊಳ್ಳುವ ಪೇಸ್‌ಮೇಕರ್ ಮಾಡಿಕೊಟ್ಟರು. ಮರುವರ್ಷ ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದ ಒಳಗೇ ಒಂದನ್ನು ಇಟ್ಟರು. ಮೊದಲನೆಯದು ಕೆಲವೇ ಗಂಟೆ ಬಂತು. ಅವರು ಮಾತ್ರ ಒಂದಾದ ಮೇಲೊಂದು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರ್ ಹಾಕಿಸಿಕೊಂಡು 86 ವರ್ಷ ಬಾಳಿದರು.

1972ರಲ್ಲಿ ಲಿಥಿಯಂ ಅಯೋಡಿನ್ ಬ್ಯಾಟರಿಯ ಪೇಸ್‌ಮೇಕರ್ ಬಂತು. ಇದು ಫೋನಿನಂತೆ ಚಾರ್ಜ್ ಆಗುವುದಿಲ್ಲ. ವರ್ಷಗಟ್ಟಲೆ ಇರುವೆಯ ಹಾಗೆ ನಿಧಾನವಾಗಿ ಕೊಡುತ್ತಾ ಇರುತ್ತದೆ. ಒಳಗಿನ ಕ್ರಿಯೆಯಿಂದ ಗ್ಯಾಸ್ ಹುಟ್ಟುವುದಿಲ್ಲ, ಹಾಗಾಗಿ ಪೂರ್ತಿ ಬೆಸೆದು ಮುಚ್ಚಬಹುದು. ಎಲ್ಲಕ್ಕಿಂತ ಮುಖ್ಯ, ಅದು ದಿಢೀರನೆ ಸಾಯುವುದಿಲ್ಲ. ವೋಲ್ಟೇಜ್ ಮೆಲ್ಲಗೆ ಇಳಿಯುತ್ತಾ, ತಿಂಗಳುಗಳ ಮೊದಲೇ ಡಾಕ್ಟರಿಗೆ ಸೂಚನೆ ಕೊಡುತ್ತದೆ.

ನಮ್ಮಮ್ಮನ ಎಡ ಭುಜದ ಕೆಳಗೆ, ಚರ್ಮದ ಅಡಿಯಲ್ಲಿ, ಬಿಸ್ಕತ್ತಿನಷ್ಟು ದೊಡ್ಡ ಪೇಸ್‌ಮೇಕರ್ ಇದೆ. ಆರು ತಿಂಗಳಿಗೊಮ್ಮೆ ತಪಾಸಣೆಗೆ ಕರೆದುಕೊಂಡು ಹೋಗುತ್ತೇನೆ. ಟೆಕ್ನೀಷಿಯನ್ ಅದರ ಮೇಲೆ ಒಂದು ಚಪ್ಪಟೆ ಉಪಕರಣ ಇಡುತ್ತಾರೆ, ಪರದೆಯ ಮೇಲೆ ಅಂಕಿ ಮೂಡುತ್ತದೆ. ಹೋದ ಸಲ ಅಮ್ಮನೇ ಕೇಳಿದರು, ‘ಬ್ಯಾಟ್ರಿ ಎಷ್ಟಿದೆಯಪ್ಪಾ?’

‘ಇನ್ನೂ ಆರು ವರ್ಷ ಇದೆ ಅಮ್ಮ’ ಎಂದರು ಅವರು. ಅಮ್ಮ ಸೆರಗು ಸರಿಮಾಡಿಕೊಂಡು, ನನ್ನ ಕೈ ಹಿಡಿದು, ಬಸ್ ಸ್ಟಾಪಿನವರೆಗೂ ನಡೆದೇ ಬಂದರು.